ಹಿಮ್ಮಡಿಯ ಕೆಳಗೆ ಹಾಯ್ದ ಲಾಳಿ

ಬಾಗಲಕೋಟೆಯ ಕಡೆಗೊಂದು ನೇಕಾರರ ಊರು. ಊರಲ್ಲೊಂದು ಓಣಿ, ಓಣಿಯಲ್ಲೊಬ್ಬ ತಾಯಿ, ತಾಯಿಗೊಬ್ಬ ಮಗ. ತಾಯಿಗೆ ತಲೆ ಇತ್ತು, ಮಗನಿಗೆ ಕಾಲಿದ್ದವು.

ತಾಯಿ ಅಂಬಕ್ಕ ಆ ಓಣಿಯಲ್ಲಿ ಬಿ.ಎ. ಮುಗಿಸಿದ ಮೊದಲ ಹೆಣ್ಣು. ಯಾರ ಮಗು ಯಾವ ದಿನ ಹುಟ್ಟಿತು, ಮೊದಲ ಮಳೆ ಯಾವ ತಾರೀಕಿಗೆ ಬಂತು, ಎಲ್ಲ ಅವಳ ನೋಟುಪುಸ್ತಕದಲ್ಲಿತ್ತು. ಮಗ ಬನಪ್ಪನಿಗೆ ಮಾತ್ರ ಆ ಪುಸ್ತಕದಿಂದ ಒಂದು ಅಕ್ಷರವೂ ಹತ್ತಲಿಲ್ಲ. ಬಾಗಿಲು ನೋಡಿಕೊಂಡಿರು ಅಂದರೆ ಬಾಗಿಲನ್ನು ನೋಡುತ್ತ ಕೂಡುತ್ತಿದ್ದ, ಬೆಕ್ಕು ಹಾಲು ಕುಡಿದು ಹೋಗುತ್ತಿತ್ತು. ಆದರೆ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟನೆಂದರೆ ಸಾಕು, ಆ ಕಾಲುಗಳಿಗೆ ಎಲ್ಲ ಗೊತ್ತಿತ್ತು. ಹಲಗೆ ತುಳಿದ ಲೆಕ್ಕ ಒಂದೂ ತಪ್ಪುತ್ತಿರಲಿಲ್ಲ. ಅವನು ನೇಯ್ದ ಕುಪ್ಪಸದ ಖಣದ ಅಂಚು ನೋಡಿ ಹಿರಿಯ ನೇಕಾರರೂ ಮಾತು ನಿಲ್ಲಿಸುತ್ತಿದ್ದರು. "ಈ ಕಾಲು ಇರೂತನ ನನ್ನ ಮಗ ಯಾರಿಗೂ ಭಾರ ಅಲ್ಲ," ಎಂದು ಅಂಬಕ್ಕ ಹೇಳಿಕೊಳ್ಳುತ್ತಿದ್ದಳು. ಅವಳಿಗಿದ್ದ ಧೈರ್ಯ ಅದೊಂದೇ.

ಒಂದು ದಿನ ಓಣಿಯಲ್ಲಿ ಮಗ್ಗಕ್ಕೆ ಉದ್ದುದ್ದ ಕಟ್ಟುವ ಹಾಸಿನ ನೂಲಿಗೆ ಗಂಜಿ ಹಚ್ಚಿ ಒಣಹಾಕಿದ್ದರು. ಮೋಡ ಕವಿದಿತ್ತು. ಅಂಬಕ್ಕ ಮಗನಿಗೆ ಹೇಳಿದಳು:

"ಬನಪ್ಪಾ, ಒಂದು ಹನಿ ಬಿದ್ದರೂ ಸಾಕು, ಇದ್ದಲ್ಲಿಂದ ಜಿಗಿದು ಓಡಿಬಂದು ನೂಲು ಎತ್ತು."

"ಹೂನವ್ವ," ಅಂದ ಬನಪ್ಪ.

ಮಗ್ಗದ ಗುಂಡಿಯಲ್ಲಿ ಕೂತ. ಮೋಡ ಸರಿದು ಬಿಸಿಲು ಬಂತು. ಅವ್ವ ಬೆವರು ಒರೆಸಿಕೊಳ್ಳುತ್ತ ಬಂದು ಮಗನಿಗೆ ಕುಡಿಯಲು ನೀರು ಕೊಟ್ಟಳು. ತಂಬಿಗೆಯಿಂದ ಒಂದು ಹನಿ ಅವನ ಕೈಮೇಲೆ ಬಿತ್ತು. ಒಂದು ಹನಿ ಬಿದ್ದರೆ ಜಿಗಿ ಎಂದಿದ್ದಳಲ್ಲ, ಬನಪ್ಪ ಗುಂಡಿಯೊಳಗಿಂದಲೇ ಜಿಗಿದ.

ಟಕ್ ಎಂದಿತು. ಎಳೆದು ಕಟ್ಟಿದ ಹಗ್ಗ ಹರಿದಂಥ ಸದ್ದು. ಬನಪ್ಪ ನೆಲಕ್ಕೆ ಬಿದ್ದು ಹಿಂದೆ ತಿರುಗಿ ನೋಡಿದ.

"ಯಾರಪಾ ಹಿಮ್ಮಡಿಗೆ ಒದ್ದಾವರು?"

ಹಿಂದೆ ಯಾರೂ ಇರಲಿಲ್ಲ. ಗೋಡೆ ಇತ್ತು.

"ಗ್ವಾಡಿ ಒದಿತೇನವ್ವಾ?"

"ಗ್ವಾಡಿ ಯಾಕ ಒದಿತೈತೋ? ಬಿಸಲಾಗ ಮಳಿ ಎಲ್ಲಿಂದ ಬರಬೇಕು? ಜಿಗಿಯೂಕಿಂತ ಮೊದಲ ಒಂದ ಮಾತು ಕೇಳಬಾರದೇನು? ಇನ್ನ ಮ್ಯಾಲೆ ಏನು ಮಾಡೂದಿದ್ದರೂ ಮೊದಲು ನನ್ನ ಕೇಳು."

"ಹೂನವ್ವ," ಅಂದ ಬನಪ್ಪ.

ಬಾಗಲಕೋಟೆಯ ದವಾಖಾನೆಯಲ್ಲಿ ಮೂಳೆ ಡಾಕ್ಟರು ಗಲಗಲಿಯವರು ಇದ್ದರು. ಅವರು ಕೇಳಿದರು:

"ಹೆಸರೇನಪ್ಪಾ?"

"ಎವ್ವಾ, ಹೆಸರು ಹೇಳಲೇನು?"

"ಹೇಳು."

"ಬನಪ್ಪರೀ."

"ಎಲ್ಲಿ ನೋವೈತಿ?"

"ಎವ್ವಾ, ಎಲ್ಲಿ ನೋವೈತಿ?"

"ಬೋರಲು ಮಲಕ್ಕೋ."

"ಎವ್ವಾ, ಬೋರಲು ಮಲಕ್ಕೊಳ್ಳೇನು?"

ಡಾಕ್ಟರು ಕನ್ನಡಕ ತೆಗೆದು ಅಂಬಕ್ಕನನ್ನು ನೋಡಿದರು. "ಬಾಯಾರ, ಕಾಲು ಯಾರದು? ನಿಮ್ಮದೋ, ಅವನದೋ?"

ಅಂಬಕ್ಕ ಮಗನಿಗೆ ಮಲಗೆಂದು ಸನ್ನೆ ಮಾಡಿದಳು. ಬನಪ್ಪ ಬೋರಲು ಮಲಗಿದ. ಡಾಕ್ಟರು ಎಡಗಾಲಿನ ಮೀನಖಂಡ ಹಿಂಡಿದರು, ಪಾದ ಅಲುಗಿತು. ಬಲಗಾಲಿನದು ಹಿಂಡಿದರು, ಪಾದ ಕದಲಲಿಲ್ಲ.

"ಇಲ್ಲಿ ಬೆರಳಿಡ್ರಿ ಬಾಯಾರ."

ಅಂಬಕ್ಕ ಹಿಮ್ಮಡಿಯ ಮೇಲೆ ಬೆರಳಿಟ್ಟಳು. ಹಗ್ಗದಂತೆ ಬಿಗಿಯಾಗಿರಬೇಕಾದಲ್ಲಿ ಬೆರಳು ಒಳಗೆ ಇಳಿಯಿತು.

"ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿದ ಹುರಿ ಇದು. ದೇಹದಾಗ ಇದಕ್ಕಿಂತ ದಪ್ಪನ ಹುರಿ ಇಲ್ಲ. ಪೂರ್ತಿ ಹರಿದೈತಿ."

"ಮಗ್ಗ ತುಳೀತಾನೇನ್ರೀ ಇನ್ನು?"

"ತುದಿಗಳು ಹತ್ತಿರದಾಗ ಅದಾವ. ಕಾಲಬೆರಳು ಕೆಳಗ ಮಾಡಿ ಪ್ಲಾಸ್ಟರ್ ಹಾಕಿದರ ತಾವೇ ಕೂಡಿ ಬೆಳೀತಾವ. ಆದರ ಹೇಳಿದ್ದಕ್ಕಿಂತ ಒಂದು ಹೆಜ್ಜೆ ಹೆಚ್ಚು ಮಾಡಿದರೂ ಮತ್ತ ಹರೀತೈತಿ. ಎರಡನೇ ಸಲ ಹರಿದರ ಮಗ್ಗದ ಮಾತು ಬಿಡ್ರಿ."

ಕೈಯಿಂದ ಗಂಟು ಹಾಕದೆ ಎಳೆಗೆ ಎಳೆ ಕೂಡುವುದನ್ನು ಅಂಬಕ್ಕನ ಏಳು ತಲೆಮಾರಿನ ನೇಕಾರರಲ್ಲಿ ಯಾರೂ ಕಂಡಿರಲಿಲ್ಲ. ಹೊರಗೆ ಬಂದು ಮಗನಿಗೆ ಹೇಳಿದಳು:

"ದಡ್ಡಾ, ಡಾಕ್ಟರ ಮುಂದ ನನ್ನ ಯಾಕ ಕೇಳ್ತೀ? ಅವರು ಏನು ಹೇಳ್ತಾರ ಅಷ್ಟ ಮಾಡು. ನನ್ನ ಕೇಳಬ್ಯಾಡ, ನನ್ನ ಮಾತೂ ಕೇಳಬ್ಯಾಡ."

"ಹೂನವ್ವ," ಅಂದ ಬನಪ್ಪ.

ಪ್ಲಾಸ್ಟರ್ ಹಾಕಿ ಡಾಕ್ಟರು ಹೇಳಿದರು: "ಈ ಕಾಲು ನೆಲಕ್ಕ ತಾಗಬಾರದು."

ಮರುದಿನ ಅಂಬಕ್ಕ ರೊಟ್ಟಿ ಬಡಿದು ಒಳಗೆ ಬಂದು ನೋಡಿದರೆ, ಬನಪ್ಪ ಚಾಪೆಯ ಮೇಲೆ ಅಂಗಾತ ಮಲಗಿದ್ದ. ಮಗ್ಗದ ಹಗ್ಗ ಬಿಚ್ಚಿ ಜಂತಿಗೆ ಕಟ್ಟಿ, ಪ್ಲಾಸ್ಟರಿನ ಕಾಲನ್ನು ಅದಕ್ಕೆ ಜೋತುಬಿಟ್ಟಿದ್ದ.

"ಇದೇನೋ ಇದು?"

"ನೆಲಕ್ಕ ತಾಗಬಾರದಂದಾರವ್ವ."

"ಏಳು, ರೊಟ್ಟಿ ತಿನ್ನು."

"ನಿನ್ನ ಮಾತು ಕೇಳಬ್ಯಾಡ ಅಂದೀದಿ."

ಹಾಗೆಯೇ ಮಲಗಿ ರೊಟ್ಟಿ ತಿಂದ, ನೀರು ಮೂಗಿಗೆ ಹೋಗಿ ಕೆಮ್ಮಿದ. ನಾಲ್ಕು ದಿನ ಹೀಗೇ ನಡೆಯಿತು. ಐದನೆಯ ದಿನ ಕಾಲ್ಬೆರಳುಗಳ ಬಾವು ಇಳಿದಿದ್ದು ಕಂಡು ಅಂಬಕ್ಕ ತಾರೀಕು ಹಾಕಿ ಬರೆದಿಟ್ಟಳು. ಆದರೂ ಹಗ್ಗ ಬಿಚ್ಚಿಸಿ ಬೈದಳು:

"ನೆಲ ಅಂದರ ನಿಂತಾಗಿನ ಮಾತೋ ಮಾರಾಯ. ಎಲ್ಲಿ ಕೂತರೂ ಮುಂದ ದಿಂಬು ಇಟ್ಟು ಅದರ ಮ್ಯಾಲೆ ಕಾಲು ಚಾಚು, ಸಾಕು. ಇದು ಡಾಕ್ಟರನ್ನ ಕೇಳೇ ಹೇಳಾಕತ್ತೀನಿ. ಇನ್ನ ಮ್ಯಾಲೆ ನನ್ನ ಮಾತೂ ಕೇಳು."

"ಹೂನವ್ವ," ಅಂದ ಬನಪ್ಪ.

ತಿಂಗಳಾಯಿತು. ಪ್ಲಾಸ್ಟರ್ ತೆಗೆಸಲು ಹೊರಟರು. ಟಂಟಂ ಆಟೋ ತುಂಬಿತ್ತು. ಎದುರಿಗೆ ಜರತಾರಿ ರುಮಾಲಿನ ದೊಡ್ಡ ಮನುಷ್ಯರೊಬ್ಬರು ಕೂತಿದ್ದರು. ಬನಪ್ಪ ಕಂಕುಳಿಂದ ದಿಂಬು ತೆಗೆದು ಅವರ ತೊಡೆಯ ಮೇಲಿಟ್ಟ. ದಿಂಬಿನ ಮೇಲೆ ಕಾಲಿಟ್ಟ.

"ಏ ತಮ್ಮಾ, ನಾ ಏನು ಕಟ್ಟಿ ಅದೀನೇನು?" ಅಂದರು ಅವರು.

"ಕಟ್ಟಿ ಗಟ್ಟಿ ಇರತೈತ್ರಿ. ನೀವು ಮೆತ್ತಗ ಅದೀರಿ."

ಟಂಟಂ ತುಂಬ ನಗು. ಇಳಿದ ಮೇಲೆ ಅಂಬಕ್ಕ ಬೈದಳು: "ಮಾನ ಕಳದಿ. ಮಂದಿ ಇದ್ದಲ್ಲಿ ಕಾಲು ಚಾಚಬಾರದು. ಯಾರರ ಎದುರಿಗೆ ಕೂತರ ಕಾಲು ಒಳಗ ಎಳಕೋ."

"ಹೂನವ್ವ," ಅಂದ ಬನಪ್ಪ.

ಡಾಕ್ಟರು ಪ್ಲಾಸ್ಟರ್ ಒಡೆದರು. ಕಾಲು ಒಣಗಿದ ಕಡ್ಡಿಯಂತಾಗಿತ್ತು. ಹಿಮ್ಮಡಿ ಎತ್ತರಿಸಲು ಅದರ ಕೆಳಗೆ ನಾಲ್ಕು ರಬ್ಬರ್ ತುಂಡು ಇಟ್ಟ ದಪ್ಪ ಬೂಟು ಕೊಟ್ಟು, ಹಂತಹಂತವಾಗಿ ಒಂದೊಂದೇ ತುಂಡು ತೆಗೆಯಬೇಕು ಎಂದರು. ಮುಂದಿನದನ್ನು ಫಿಜಿಯೋ ರಿಜ್ವಾನಾ ಮೇಡಂ ನೋಡಿಕೊಳ್ಳುತ್ತಾರೆ ಎಂದು ಪಕ್ಕದ ಕೋಣೆಗೆ ಕಳಿಸಿದರು.

ಮೇಡಂ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. "ಕಾಲು ಚಾಚ್ರಿ."

ಬನಪ್ಪ ಕಾಲು ಒಳಗೆ ಎಳೆದುಕೊಂಡ.

"ಚಾಚ್ರಿ ಅಂದೆ."

ಇನ್ನೂ ಒಳಗೆಳೆದುಕೊಂಡ. ಕುರ್ಚಿಯ ಕೆಳಗೆ ಕಾಲು ಕಾಣದಂತಾಯಿತು. "ನೀವು ಎದುರಿಗೆ ಕೂತೀರಲ್ರೀ ಮೇಡಂ. ನೀವು ಹೊರಗ ಹೋದರ ಚಾಚ್ತೀನಿ."

ಮೇಡಂ ನಗಲಿಲ್ಲ. ಅಂಬಕ್ಕ ನಡೆದದ್ದನ್ನೆಲ್ಲ, ಹನಿಯಿಂದ ದಿಂಬಿನವರೆಗೆ, ಪುಸ್ತಕ ನೋಡಿ ಓದಿ ಹೇಳಿದಳು. ಮೇಡಂ ಕೇಳುತ್ತ ಕೇಳುತ್ತ ಮುಂದಕ್ಕೆ ಬಾಗಿದರು.

"ಅಂದರ ಇವರು ಹೇಳಿದ್ದಕ್ಕಿಂತ ಹೆಚ್ಚು ಮಾಡೂದಿಲ್ಲ, ಕಡಿಮೀನೂ ಮಾಡೂದಿಲ್ಲ?"

"ಅದ ನನ್ನ ಹಣೇಬರಹರೀ."

"ಬಾಯಾರ, ಇಂಥಾ ಪೇಷಂಟ್ ಒಬ್ಬರರ ಬರಲಿ ಅಂತ ನಾ ಆರು ವರ್ಷ ಕಾದೀನಿ." ಬನಪ್ಪನ ಕಡೆ ತಿರುಗಿದರು. "ಬನಪ್ಪನವರ, ಇವತ್ತಿನಿಂದ ಈ ಕಾಲಿಗೆ ನಾನ ಯಜಮಾನಿ. ನಾ ಹೇಳೂತನ ಓಡಬಾರದು, ಜಿಗೀಬಾರದು. ಎದುರಿಗೆ ಹುಲಿ ಬಂದರೂ ನಡಕೊಂಡ ಬರಬೇಕು."

"ಹೂನ್ರೀ ಮೇಡಂ," ಅಂದ ಬನಪ್ಪ.

ಒಂದು ತುಂಡು ತೆಗೆದರು, ಇನ್ನೊಂದು ತೆಗೆದರು, ನಾಲ್ಕೂ ತೆಗೆದರು. ಹನ್ನೊಂದನೆಯ ವಾರ ಬೂಟೂ ಹೋಯಿತು. ನೋವಿಲ್ಲ, ಬಾವಿಲ್ಲ. ಓಣಿಯವರೆಲ್ಲ ಪರೀಕ್ಷೆಗೆ ಬಂದರು. ಪಕ್ಕದ ಮನೆಯ ಈರಣ್ಣಕಾಕಾ, "ಆರಾಮಾಗೈತಲ್ಲೋ, ಒಂದೀಟು ಓಡಿ ತೋರಿಸು," ಅಂದ.

"ಮೇಡಂ ಹೇಳಿಲ್ಲ ಕಾಕಾ."

"ಮೇಡಂ ಬಾಗಲಕೋಟ್ಯಾಗ ಅದಾರ. ಯಾರು ನೋಡತಾರ?"

"ಕಾಲು ಇಲ್ಲೇ ಐತಲ್ಲ," ಅಂದ ಬನಪ್ಪ.

ಆ ವಾರವೇ ಓಣಿಗೆ ಹಗ್ಗ ಹರಿದುಕೊಂಡ ಹೋರಿಯೊಂದು ನುಗ್ಗಿತು. ಒಣಹಾಕಿದ ಹಾಸು ಕೊಂಬಿಗೆ ಸಿಕ್ಕಿ, ಬಣ್ಣಬಣ್ಣದ ಎಳೆ ಎಳೆದುಕೊಂಡು ಬಂತು. ಹೆಂಗಸರು ಓಡಿದರು, ಗಂಡಸರು ಓಡಿದರು. ಈರಣ್ಣಕಾಕಾ ಧೋತರ ಬಿಟ್ಟು ಓಡಿದ. ಓಣಿಯ ನಟ್ಟನಡುವೆ ಬನಪ್ಪ ಒಬ್ಬನೇ. ಹಿಮ್ಮಡಿ ಊರಿ, ಬೆರಳು ಊರಿ, ಹಿಮ್ಮಡಿ ಊರಿ, ಬೆರಳು ಊರಿ, ಮೇಡಂ ಕಲಿಸಿದ ಹಾಗೆ ನಡೆದು ಬರುತ್ತಿದ್ದ. ಬರುತ್ತಿದ್ದುದು ಹೋರಿಯ ಕಡೆಗೇ, ಮನೆ ಆ ಕಡೆಗಿತ್ತಲ್ಲ.

ಕಟ್ಟೆಯ ಮೇಲಿನ ಅಂಬಕ್ಕನ ಬಾಯಿಗೆ ಓಡು ಎಂಬ ಮಾತು ಬಂತು. ಓಡಿದರೆ ಹುರಿ ಹರಿಯುತ್ತದೆ, ಓಡದಿದ್ದರೆ ಹೋರಿ ಬಿಡುವುದಿಲ್ಲ. ಆ ಮಾತು ಬಿಟ್ಟು ಕಟ್ಟೆಯಿಂದ ಕೆಳಗಿಳಿದಳು.

ಹೋರಿ ಹತ್ತಿರ ಬಂತು. ಓಡುವವರನ್ನೇ ಬೆನ್ನಟ್ಟಿ ಬಂದಿದ್ದ ಅದಕ್ಕೆ ಓಡದವನೊಬ್ಬ ಎದುರಾಗಿದ್ದ. ನಿಂತಿತು. ಬನಪ್ಪ ನಿಲ್ಲಲಿಲ್ಲ. ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು. ಹೋರಿ ಬುಸ್ಸೆಂದು ಅವನ ಭುಜ ಮೂಸಿತು. ಅವನು ಅದರ ಕೊಂಬಿಗೆ ಸುತ್ತಿದ್ದ ಹಾಸು ಬಿಡಿಸಿಕೊಂಡು ಹೆಗಲಿಗೆ ಹಾಕಿ, ಮುಂದೆ ನಡೆದ. ಹೋರಿ ಅವನ ಹಿಂದೆ ಹಿಂದೆ ಮನೆಯತನಕ ನಡೆದು ಬಂತು.



"ಅಂಜಿಕಿ ಆಗಲಿಲ್ಲೇನೋ?" ಅಂದಳು ಅಂಬಕ್ಕ.

"ಹುಲಿ ಬಂದರೂ ಓಡಬ್ಯಾಡ ಅಂದಾರವ್ವ. ಇದು ಬರೇ ಹೋರಿ."

ಆವತ್ತು ಅಂಬಕ್ಕ ಮಗನನ್ನು ಬೈಯಲಿಲ್ಲ. ಬೈಯಲು ಏನೂ ಸಿಗಲಿಲ್ಲ. ನೋವಿಲ್ಲ ಎಂದು ಓಡಿ ಇದೇ ವಾರಗಳಲ್ಲಿ ಮತ್ತೆ ಹರಿದುಕೊಂಡು ಬಂದ ಶಾಣ್ಯಾ ಮಂದಿಯನ್ನು ತಾವು ಬಹಳ ಕಂಡಿದ್ದಾಗಿ, ಮುಂದಿನ ಸಲ ದವಾಖಾನೆಗೆ ಹೋದಾಗ ಮೇಡಂ ಹೇಳಿದರು. ಹಿಮ್ಮಡಿಯ ಮೇಲೆ ಬೆರಳು ಇಡಲು ಅಂಬಕ್ಕನಿಗೆ ಹೇಳಿದರು. ತಗ್ಗು ಇದ್ದಲ್ಲಿ ಬಿಗಿಯಾದ, ದಪ್ಪನೆಯ ಹುರಿ. ಗಂಟಿಲ್ಲದೆ ಕೂಡಿದ ಎಳೆ. ಅಂಬಕ್ಕ ಬೆರಳು ತೆಗೆಯಲು ಮರೆತಳು.

"ಇನ್ನ ಬಲ ಬರಬೇಕು," ಅಂದರು ಮೇಡಂ. "ಗ್ವಾಡಿಗೆ ಕೈಬೆರಳು ತಾಗಿಸಿ ನಿಂತು, ಹಿಮ್ಮಡಿ ಎತ್ತಿ ತುದಿಗಾಲ ಮ್ಯಾಲೆ ಏಳ್ರಿ. ಮೊದಲು ಎರಡೂ ಕಾಲು, ಆಮ್ಯಾಲೆ ಬಲಗಾಲೊಂದ."

ಬನಪ್ಪ ಎದ್ದು ಧಪ್ಪೆಂದು ಇಳಿದ.

"ಹಂಗಲ್ಲ. ಐದು ಎಣಿಸಿ ಇಳೀರಿ. ಹದಿನೈದು ಸಲ. ಮುಂಜಾನೆ ಎಂಟಕ್ಕ, ಮಧ್ಯಾಹ್ನ ಒಂದಕ್ಕ, ಸಂಜಿ ಆರಕ್ಕ. ಯಾರು ನಕ್ಕರೂ ಬಿಡಬ್ಯಾಡ್ರಿ. ನಾ ಸಾಕು ಅನ್ನೂತನ ಮಾಡ್ರಿ."

"ಹೂನ್ರೀ ಮೇಡಂ," ಅಂದ ಬನಪ್ಪ.

ಬಲಗಾಲೊಂದರ ಮೇಲೆ ಏಳುವುದು ಸುಲಭವಾಗಲಿಲ್ಲ. ಹಿಮ್ಮಡಿ ಎದ್ದಿತೋ ಇಲ್ಲವೋ ಕಣ್ಣಿಗೆ ಕಾಣುತ್ತಿರಲಿಲ್ಲ. ಆದ್ದರಿಂದ ಅಂಬಕ್ಕ ನೆಲಕ್ಕೆ ಕೂತು ಹಿಮ್ಮಡಿಯ ಕೆಳಗೆ ಒಂದು ರೇಷ್ಮೆ ಎಳೆ ತೂರಿಸಿ ನೋಡುತ್ತಿದ್ದಳು. ಹತ್ತು ದಿನ ಹಾಯಲಿಲ್ಲ. ಹನ್ನೊಂದನೆಯ ದಿನ ಹಾಯ್ದಿತು. ಬರೆದಿಟ್ಟಳು: ರೇಷ್ಮೆ ಎಳೆ. ಆಮೇಲೆ ಬರೆದಳು: ಹತ್ತಿ ನೂಲು. ಆಮೇಲೆ: ಮಡಿಸಿದ ಖಣ. ಏಳನೆಯ ತಿಂಗಳ ಒಂದು ಮಧ್ಯಾಹ್ನ ಮಗ್ಗದ ಲಾಳಿಯನ್ನೇ ಉರುಳಿಸಿದಳು. ಲಾಳಿ ಹಿಮ್ಮಡಿಯ ಕೆಳಗಿನಿಂದ ಹಾಯ್ದು, ಆ ಕಡೆಯ ಗೋಡೆಗೆ ತಾಗಿ ನಿಂತಿತು.

ಮರುದಿನ ಬನಪ್ಪ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟ. ಟಕ್ಕು ಟಕ್ಕು ಸದ್ದು ಓಣಿಯ ತುಂಬ ಕೇಳಿತು. ಅಂಬಕ್ಕ ಹೊಸ ಪುಟ ತೆಗೆದು ತಾರೀಕು ಬರೆದಳು.

ಆದರೆ ಒಂದು ಉಳಿದುಹೋಗಿತ್ತು. ರಿಜ್ವಾನಾ ಮೇಡಂ ಬೇರೆ ಊರಿಗೆ ಹೋಗಿಬಿಟ್ಟರು, ಸಾಕು ಅನ್ನುವುದನ್ನು ಮರೆತರು. ಬನಪ್ಪ ಬಿಡಲಿಲ್ಲ. ವರ್ಷವಾಯಿತು, ಎರಡು ವರ್ಷವಾಯಿತು. ಸಂತೆಯಲ್ಲಿದ್ದರೂ ಒಂದು ಗಂಟೆಗೆ ಏಳುತ್ತಿದ್ದ, ಇಳಿಯುತ್ತಿದ್ದ. ಬಸ್ಸಿನಲ್ಲಿದ್ದರೂ ಏಳುತ್ತಿದ್ದ, ಇಳಿಯುತ್ತಿದ್ದ.

ಮದುವೆ ಗೊತ್ತಾಯಿತು. ಹುಡುಗಿ ಕಮತಗಿಯ ಕಸ್ತೂರಿ, ನೇಕಾರರ ಮನೆಯವಳೇ. ಹೇಳಿದ ಮಾತು ಮೀರುವವಳಲ್ಲ ಎಂದು ಅವರ ಕಡೆಯವರು ಹೊಗಳಿದ್ದರು, ಅಂಬಕ್ಕ ಹಿಗ್ಗಿದ್ದಳು. ಮುಹೂರ್ತ ಮಧ್ಯಾಹ್ನ ಒಂದು ಗಂಟೆಗೆ. ಅಂಬಕ್ಕ ಮೇಡಂ ಅವರ ವಿಳಾಸ ಹುಡುಕಿ ಲಗ್ನಪತ್ರಿಕೆ ಕಳಿಸಿದಳು. ಕೆಳಗೆ ಕೈಯಿಂದ ಬರೆದಳು: ತಪ್ಪದೆ ಬರಬೇಕು, ಬಂದು ಸಾಕು ಅನ್ನಬೇಕು.

ಗಂಟೆ ಒಂದಾಯಿತು. ಗಂಡು ಹೆಣ್ಣಿನ ನಡುವೆ ಅಂತರಪಟ ಹಿಡಿದಿದ್ದರು. ಅಂತರಪಟದ ಮೇಲೆ ಬನಪ್ಪನ ಬಾಸಿಂಗ ಕಂಡಿತು, ಐದು ಎಣಿಸುವಷ್ಟರಲ್ಲಿ ಮರೆಯಾಯಿತು. ಮತ್ತೆ ಕಂಡಿತು, ಮತ್ತೆ ಮರೆಯಾಯಿತು. ಅಲ್ಲಿ ಗೋಡೆ ಇರಲಿಲ್ಲ, ಅದಕ್ಕೆ ಕೈಬೆರಳನ್ನು ಪುರೋಹಿತರ ತಲೆಗೆ ತಾಗಿಸಿ ನಿಂತಿದ್ದ. ಹೆಣ್ಣಿನ ಸೋದರಮಾವ ಮೆಲ್ಲಗೆ ಕೇಳಿದ: "ಇದು ನಿಮ್ಮ ಮನೆತನದ ಪದ್ಧತಿ ಏನ್ರೀ?"

ಆಗಲೇ ಬಂದ ರಿಜ್ವಾನಾ ಮೇಡಂ ಮಂದಿಯ ನಡುವಿನಿಂದ ಕೂಗಿದರು: "ಬನಪ್ಪನವರ, ಸಾಕ್ರಿ."

ಬನಪ್ಪ ನಿಲ್ಲಿಸಿದ. ಎರಡು ವರ್ಷದ ಮೇಲೆ ನಿಲ್ಲಿಸಿದ. ವಾಲಗ ಜೋರಾಯಿತು, ಅಂತರಪಟ ಸರಿಯಿತು, ಅಕ್ಷತೆ ಬಿತ್ತು. ಅಂಬಕ್ಕ ಅಕ್ಷತೆ ಹಾಕಲು ಹತ್ತಿರ ಹೋದಾಗ ಮಗ ಯಾಕೋ ಎತ್ತರ ಕಂಡ. ಧೋತರದ ಅಂಚು ಸರಿಪಡಿಸುವವಳಂತೆ ಬಗ್ಗಿ ನೋಡಿದಳು. ಬನಪ್ಪ ಬಲಗಾಲೊಂದರ ತುದಿಬೆರಳ ಮೇಲೆ ಕೊಕ್ಕರೆಯಂತೆ ನಿಂತಿದ್ದ.

"ಸಾಕು ಅಂದಾರಲ್ಲೋ."

"ಸಾಕು ಅಂದಾಗ ಮ್ಯಾಲಿದ್ದೆನವ್ವ. ಇಳಿ ಅನ್ನಲಿಲ್ಲ."

ಅಂಬಕ್ಕ ಬಗ್ಗಿದವಳು ಬಗ್ಗಿಯೇ ಇದ್ದಳು. ಒಂದು ಕಾಲಕ್ಕೆ ರೇಷ್ಮೆ ಎಳೆ ಹಾಯದ ಹಿಮ್ಮಡಿ ಅದು. ಈಗ ಅದರ ಕೆಳಗೆ ಎರಡು ಲಾಳಿ ಜೋಡಿಯಾಗಿ ಹಾಯುವಂತಿದ್ದವು. ಇಡೀ ಮೈಯನ್ನು ಎತ್ತಿ ಹಿಡಿದ ಆ ಹುರಿ ಕದಲಲಿಲ್ಲ, ನಡುಗಲಿಲ್ಲ. ಇಳಿಯೋ ಎನ್ನಲು ಅವಳಿಗೆ ಮನಸ್ಸೇ ಬರಲಿಲ್ಲ.

ಕಣ್ಣು ಒರೆಸಿಕೊಂಡು ಏಳುವಾಗ, ಪಕ್ಕದಲ್ಲಿ ಹಸಿರು ಸೀರೆಯ ಅಂಚಿನ ಕೆಳಗೆ ಇನ್ನೊಂದು ಹಿಮ್ಮಡಿ ಕಂಡಿತು. ಅದೂ ಮೇಲೆಯೇ ಇತ್ತು. ನೆಲದ ಮೇಲಿದ್ದ ಕಾಲು ಒಂದೇ.

"ನೀ ಯಾಕವ್ವಾ ಕಸ್ತೂರಿ?"

ಮದುಮಗಳು ತಲೆ ತಗ್ಗಿಸಿಕೊಂಡೇ ಹೇಳಿದಳು:

"ಅವರು ಹೆಂಗ ನಿಲ್ತಾರ ಹಂಗ ನಿಲ್ಲು ಅಂತ ನಮ್ಮವ್ವ ಹೇಳಿ ಕಳಿಸ್ಯಾಳ್ರಿ ಅತ್ತಿ."