ಹೆಸರಿಗಾಗಿ ಕಾದ ಪರಕಾರ

ಹುಣಸಿಬೆಂಚಿಯ ಪೂಜ್ಯ ನೀಲಗಂಗಾ ತಾಯಿಯವರಿಗೆ ಮಠವೆಂದು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಊರ ಹೊರಗೆ, ಕಲ್ಲಿನ ಕ್ವಾರಿಗೆ ಹೋಗುವ ದಾರಿಯಲ್ಲಿ ಎರಡು ಅಂಕಣದ ಮಣ್ಣಿನ ಮನೆ. ಒಳಗೊಂದು ಗುರುವಿನ ಗದ್ದುಗೆ, ಮೂಲೆಯಲ್ಲಿ ಜನ ಬೇಡವೆಂದು ಕೊಟ್ಟ ಹಳೆಬಟ್ಟೆಯ ಗಂಟುಗಳು. ದೂರದಿಂದ ಪ್ರವಚನ ಕೇಳಲು ಬಂದವರ ಕೈಗೆ ತಾಯಿಯವರು ಸೂಜಿ ಕೊಟ್ಟು, ದಾರ ಪೋಣಿಸಿರೆಂದು ಹೇಳಿ ಸುಮ್ಮನಾಗುತ್ತಿದ್ದರು. ದೊಡ್ಡ ದೊಡ್ಡ ಪಂಡಿತರು ಕಣ್ಣು ಕಿರಿದು ಮಾಡಿ, ದಾರದ ತುದಿಯನ್ನು ಎಂಜಲು ಮಾಡಿಕೊಂಡು ಒದ್ದಾಡುವುದನ್ನು ಕಂಡು ಮಕ್ಕಳು ಕಿಸಕ್ಕನೆ ನಗುತ್ತಿದ್ದರು.

ಆ ಮಕ್ಕಳೇ ತಾಯಿಯವರ ಶಿಷ್ಯವರ್ಗ. ಶಾಲೆ ಬಿಟ್ಟೊಡನೆ ಓಡಿ ಬಂದು, ಹಳೆಬಟ್ಟೆಯಿಂದ ಕೂಸುಗಳಿಗೆ ಕುಂಚಿಗೆ ಹೊಲಿಯುವುದನ್ನು ಕಲಿಯುತ್ತಿದ್ದರು. ಕ್ವಾರಿಗೆ ಹೋಗುವ ಹೆಂಗಸರು ನಸುಕಿನಲ್ಲೇ ಹಸುಗೂಸುಗಳನ್ನು ಎತ್ತಿಕೊಂಡು ಹೊರಡುತ್ತಿದ್ದರಲ್ಲ, ಆ ಕೂಸುಗಳ ತಲೆ, ಕಿವಿ, ಬೆನ್ನು ಎಲ್ಲವನ್ನೂ ಮುಚ್ಚುವ ಉಡುಪು ಅದು. ತಾಯಿಯವರದು ಒಂದೇ ಕಟ್ಟಳೆ. ಬಟ್ಟೆ ಉಟ್ಟವರ ಹೆಸರು ತಿಳಿಯದೆ ಅದಕ್ಕೆ ಕತ್ತರಿ ಇಡಬಾರದು. ಹೊಲಿದು ಮುಗಿಸುವಾಗ ಆ ಹೆಸರು ಹೇಳಿಯೇ ಕೊನೆಯ ಗಂಟು ಹಾಕಬೇಕು, ಆ ಹೆಸರು ಹೇಳಿಯೇ ಕೂಸಿನ ತಾಯಿಗೆ ಕೊಡಬೇಕು. ಹೀಗಾಗಿ ಮಕ್ಕಳು ಯಾರ ಮನೆಯಲ್ಲೂ ಅಂಜದೆ, "ಇದು ಯಾರ ಧೋತರರಿ?" ಎಂದು ಕೇಳಿಯೇ ಗಂಟು ಹೊರುತ್ತಿದ್ದರು.

ಅದೇ ಊರಿನ ನೇಕಾರರ ಓಣಿಯಲ್ಲಿ ಶಾವಂತ್ರೆವ್ವ ಎಂಬ ಹೆಣ್ಣುಮಗಳಿದ್ದಳು. ಕುಪ್ಪಸ ಹೊಲಿದು ಬದುಕುವವಳು. ಗಂಡ ಮೊದಲೇ ತೀರಿಕೊಂಡಿದ್ದ; ಇದ್ದೊಬ್ಬ ಮಗಳು ಏಳು ತುಂಬುವ ಮೊದಲೇ ಜ್ವರದಲ್ಲಿ ಹೋದಳು. ಓಣಿಯವರು ಮೊದಮೊದಲು ಈಕೆಗೆ ಸಂಕಟವಾದೀತೆಂದು ಆ ಹುಡುಗಿಯ ಹೆಸರೆತ್ತಲಿಲ್ಲ. ಬರಬರುತ್ತ ಅದೇ ರೂಢಿಯಾಯಿತು. ಆಮೇಲೆ ಮರೆತೇಬಿಟ್ಟರು. ಯಾರ ಮುಂದೆ ಹೇಳುವುದೆಂದು ಶಾವಂತ್ರೆವ್ವನೂ ಹೇಳುವುದನ್ನು ಬಿಟ್ಟಳು. ಹಗಲೆಲ್ಲ ಮಷೀನಿನ ಸದ್ದಾದರೂ ಇರುತ್ತಿತ್ತು. ದೀಪ ಹಚ್ಚಿದ ಮೇಲೆ ಊಟವಾಯಿತೇ ಎಂದು ಕೇಳುವ ಒಂದು ಜೀವ ಇರಲಿಲ್ಲ. ಎಷ್ಟೋ ಸಲ ಆಕೆ ರೊಟ್ಟಿಯನ್ನು ಮುಚ್ಚಿಟ್ಟು ಹಾಗೆಯೇ ಮಲಗಿಬಿಡುತ್ತಿದ್ದಳು.

ಮಗಳದೆಂದು ಉಳಿದದ್ದು ಹಸಿರು ಖಣದ ಬಟ್ಟೆಯ ಒಂದು ಪುಟ್ಟ ಲಂಗ, ಪರಕಾರ. ನಾಗರಪಂಚಮಿಯ ಜೋಕಾಲಿಗೆಂದು ತಾನೇ ಹೊಲಿದದ್ದು, ಹುಡುಗಿ ಒಮ್ಮೆ ಮಾತ್ರ ಉಟ್ಟದ್ದು. ಹುಳ ಹತ್ತಬಾರದೆಂದು ಹಳೆ ಸೀರೆಯ ಮಡಿಕೆಯೊಳಗೆ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಆ ಜಾಗ್ರತೆಯೇ ಮುಳುವಾಯಿತು. ಪಾತ್ರೆ ಮಾರುವವಳು ಬಾಗಿಲಿಗೆ ಬಂದಾಗ ಹಳೆ ಸೀರೆಗಳನ್ನು ಕೊಟ್ಟು ಸ್ಟೀಲಿನ ಬೋಗುಣಿ ತೆಗೆದುಕೊಂಡಳು. ಪರಕಾರವೂ ಅವುಗಳೊಳಗೇ ಹೋಯಿತು. ಪಂಚಮಿಗೆ ಒಂದು ದಿನ ಮುಂಚೆ ಪೆಟ್ಟಿಗೆ ತೆರೆದಾಗ ಪರಕಾರ ಅಲ್ಲಿರಲಿಲ್ಲ. ಬೋಗುಣಿ ತಿರುಗಿ ಕೊಡಲೆಂದು ಹಿಡಿದುಕೊಂಡು ಪಾತ್ರೆಯವಳನ್ನು ಹುಡುಕುತ್ತ ಓಡಿದಳು. ಆ ಸೀರೆಗಳು ಬಹಳ ಹರಿದಿದ್ದವೆಂದು ಗಂಟು ಬಿಚ್ಚದೆಯೇ ತಾಯಿಯವರಿಗೆ ಕೊಟ್ಟೆ ಎಂದಳು ಅವಳು.

ಕತ್ತರಿ ಕೆಲಸ ಬಲ್ಲವಳಿಗೆ ಕಣ್ಣ ಮುಂದೆ ಕಾಣುವುದೇನು? ಚೂರುಚೂರಾದ ಹಸಿರು ಖಣ. ಬೋಗುಣಿಯನ್ನು ಹಿಡಿದುಕೊಂಡೇ ಮಠಕ್ಕೆ ನುಗ್ಗಿ, ಅದನ್ನು ನೆಲಕ್ಕೆ ಅಪ್ಪಳಿಸಿದಳು.

"ಸತ್ತ ಕೂಸಿನ ಬಟ್ಟಿ ಕತ್ತರಿಸಿ ಪುಣ್ಯಾ ಗಳಸ್ತೀರೇನು? ನನ್ನ ಮಗಳ ಪರಕಾರ ಎಲ್ಲೈತಿ?"

ಮಕ್ಕಳ ಸೂಜಿಗಳು ನಿಂತವು. ತಾಯಿಯವರು ಕೈಯೆತ್ತಿ ಗೋಡೆಯ ಕಡೆ ತೋರಿಸಿದರು. ಗದ್ದುಗೆಯ ಪಕ್ಕದ ಗೂಟದಲ್ಲಿ ಪರಕಾರ ತೂಗುತ್ತಿತ್ತು. ಇಡೀ ಪರಕಾರ. ಒಗೆದು, ನೆರಿಗೆ ತೀಡಿ ಹಾಕಿದ್ದರು.

ಕ್ವಾರಿಯ ಕೆಲಸದವರ ಮಗಳು ದ್ಯಾಮಿ ಎದ್ದು ನಿಂತಳು. "ಇದರ ಹೆಸರು ಬಂದಿಲ್ಲರಿ, ಅದಕ್ಕ ಕತ್ತರಿ ಹಚ್ಚಿಲ್ಲ. ಹೆಸರು ಬಂತೇನು ಅಂತ ಅವ್ವಾರು ದಿನಾ ಕೇಳತಾರ."

ಶಾವಂತ್ರೆವ್ವ ಪರಕಾರವನ್ನು ಗೂಟದಿಂದ ಎಳೆದುಕೊಂಡು ಅದರಲ್ಲಿ ಮುಖ ಹುದುಗಿಸಿದಳು. ಮಗಳ ವಾಸನೆ ಎಂದು ಇಷ್ಟು ವರ್ಷ ತಾನು ಕಾದಿಟ್ಟುಕೊಂಡದ್ದು ಹೋಗಿತ್ತು. ಅಂಟವಾಳದ ವಾಸನೆ, ಬಿಸಿಲಿನ ವಾಸನೆ ಅಷ್ಟೇ ಇತ್ತು. ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಹೊರಡಲು ಹೊಸ್ತಿಲಿಗೆ ಬಂದಾಗ ತಾಯಿಯವರು ಬಾಯಿ ತೆರೆದರು.

"ಒಯ್ಯವ್ವಾ, ಅದು ನಿಂದು. ಹೆಸರಷ್ಟು ಇಲ್ಲಿ ಬಿಟ್ಟು ಹೋಗು."

ಶಾವಂತ್ರೆವ್ವ ನಿಂತಳು. ಹೆತ್ತ ತಾಯಿಯ ನಾಲಗೆಗೇ ಆ ಹೆಸರಿನ ಅಭ್ಯಾಸ ತಪ್ಪಿಹೋಗಿತ್ತು. ತಾಯಿಯವರು ಅವಸರಪಡಿಸಲಿಲ್ಲ, ಸೂಜಿಯನ್ನು ಮಡಿಲಲ್ಲಿಟ್ಟು ಕುಳಿತರು.

"ಸುಗಲಾ," ಎಂದಳು ಕೊನೆಗೆ.

"ಸುಗಲಾ," ಎಂದಳು ದ್ಯಾಮಿ. ಪಕ್ಕದವಳೂ ಅಂದಳು, ಅವಳಾಚೆಯವನೂ ಅಂದ. ಹೊಸ ಹೆಸರು ಬಂದಾಗ ಮರೆಯದಿರಲೆಂದು ಎಲ್ಲರೂ ಒಮ್ಮೆ ಹೇಳಿಕೊಳ್ಳುವುದು ಆ ಮಕ್ಕಳ ಪದ್ಧತಿ. ಮಗಳ ಗೆಳತಿಯರು ಆಟಕ್ಕೆ ಕರೆಯಲು ಬಾಗಿಲಿಗೆ ಬಂದಾಗ ಕೇಳುತ್ತಿದ್ದದ್ದೂ ಹೀಗೆಯೇ ಅಲ್ಲವೇ? ಶಾವಂತ್ರೆವ್ವ ಹೊಸ್ತಿಲ ಮೇಲೆಯೇ ಕುಳಿತುಬಿಟ್ಟಳು.

ಆ ದಿನ ಆಕೆ ಪರಕಾರವನ್ನು ಮನೆಗೆ ಒಯ್ದಳು. ತಾಯಿಯವರು ಕೊಡೆಂದು ಕೇಳಲೂ ಇಲ್ಲ. ರಾತ್ರಿಯೆಲ್ಲ ಅದು ಪೆಟ್ಟಿಗೆಯ ಮೇಲೆಯೇ ಇತ್ತು. ಒಳಗಿಡಲು ಆಕೆಗೆ ಮನಸ್ಸು ಬರಲಿಲ್ಲ. ಮಾರನೆಯ ದಿನ, ಊರಿನ ಹುಡುಗಿಯರೆಲ್ಲ ಜೋಕಾಲಿ ಜೀಕುತ್ತಿರುವಾಗ, ಪರಕಾರವನ್ನೂ ತನ್ನ ಕತ್ತರಿಯನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಮಠಕ್ಕೆ ಬಂದಳು. ನೆಲಕ್ಕೆ ಬಿದ್ದು ನೆಗ್ಗಿದ್ದ ಬೋಗುಣಿಯಲ್ಲಿ ಆಗಲೇ ಹಳೆ ಅಂಗಿಗಳಿಂದ ಬಿಚ್ಚಿದ ಗುಂಡಿಗಳು ತುಂಬಿದ್ದವು. ದ್ಯಾಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೆರಿಗೆ ಬಿಚ್ಚಿದರೆ ಕೂಸಿನ ತಲೆಯ ಗುಂಡಗೆ ಹೇಗೆ ಕೂರುತ್ತದೆಂದು ತೋರಿಸಿದಳು. "ದಾರ ಜಗ್ಗಬ್ಯಾಡ, ಖಣ ಸುಕ್ಕಾಗತೈತಿ," ಎಂದು ಗದರಿದಳು. ಖಣಕ್ಕೆ ಕತ್ತರಿಯನ್ನು ಮಾತ್ರ ತಾನೇ ಇಟ್ಟಳು. ದ್ಯಾಮಿ ಹೊಲಿದು, "ಸುಗಲಾ" ಎಂದು ಹೇಳಿ ಕೊನೆಯ ಗಂಟು ಹಾಕಿದಳು. ತಾಯಿಯವರು ಆ ಕುಂಚಿಗೆಯನ್ನು ಕಣ್ಣಿಗೆ ಒತ್ತಿಕೊಂಡರು.

ಆಮೇಲೆಯೂ ಶಾವಂತ್ರೆವ್ವನ ಮನೆಯಲ್ಲಿ ಆಕೆಯೊಬ್ಬಳೇ. ತಾಯಿಯವರು ಮಾಡಿದ್ದು ಅಂಥ ಪವಾಡವಲ್ಲ. ಚಳಿ ಬಿದ್ದ ಮೇಲೆ ಒಂದು ಮುಂಜಾನೆ ಆಕೆ ಬಾಗಿಲಿಗೆ ನೀರು ಹಾಕುತ್ತಿದ್ದಳು. ಕ್ವಾರಿಗೆ ಹೊರಟ ಹೆಂಗಸೊಬ್ಬಳು ನಿಂತಳು, ಪರಿಚಯದವಳಲ್ಲ. ಬಗಲಲ್ಲಿ ಹಸಿರು ಕುಂಚಿಗೆಯ ಕೂಸು.

"ಸುಗಲಾನ ಕುಂಚಿಗಿ ಹಾಕಿದಾಗಿಂದ ಕೂಸು ಚಳಿಗೆ ಅಳೂದು ಬಿಟ್ಟೈತಿ ನೋಡ್ರಿ ಯಕ್ಕಾ," ಎಂದು ಹೇಳಿ ನಡೆದಳು.

ಶಾವಂತ್ರೆವ್ವ ಕೊಡ ಕೆಳಗಿಟ್ಟಳು. ಆ ಹಸಿರು ಓಣಿಯ ತಿರುವು ದಾಟುವ ಮೊದಲೇ, ಮಗಳು ಆಟಕ್ಕೆ ಹೊರಟಾಗ ತಾನು ಕೂಗುತ್ತಿದ್ದ ಅದೇ ದನಿಯಲ್ಲಿ, ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಸುಗಲಾ, ಲಗೂನ ಬಾ ಯವ್ವಾ!"