ಗಲಭೆಯಾಗದ ಊರಿನ ಅಧ್ಯಕ್ಷ

ಜಿಲ್ಲೆಯ ವಿಶ್ವಕೋಶಕ್ಕೆ ವ್ಯಕ್ತಿಗಳನ್ನು ಆರಿಸುವ ಕೆಲಸ ನಾಗಭೂಷಣನ ಪಾಲಿಗೆ ಬಂದಿತ್ತು. ಅವನು ಗುರುಗಳ ಬಳಿಗೆ ಹೋಗಿ ಕೇಳಿದ: "ಗುರುಗಳೇ, ಊರೂರಿಗೂ ರಾಜಕಾರಣಿಗಳಿದ್ದಾರೆ. ಇವರಲ್ಲಿ ಯಾರು ವಿಶ್ವಕೋಶಕ್ಕೆ ಯೋಗ್ಯರು, ಯಾರು ಅಲ್ಲ ಎಂದು ತಿಳಿಯುವುದು ಹೇಗೆ?"

ಗುರುಗಳು ಹೇಳಿದರು:

ಒಬ್ಬ ಸಂಪಾದಕನಿದ್ದ. ನಿನ್ನಂತೆಯೇ ವಿಶ್ವಕೋಶದ ಕೆಲಸ ಹೊತ್ತವನು. ಯಾರ ಶಿಫಾರಸಿಗೂ ಬಗ್ಗುತ್ತಿರಲಿಲ್ಲ. ಅವನದು ಒಂದೇ ನಿಯಮ. ಆ ವ್ಯಕ್ತಿಯ ಬಗ್ಗೆ ಬೇರೆಯವರು ಬರೆದಿದ್ದರೆ ಸೇರಿಸುವುದು, ಇಲ್ಲದಿದ್ದರೆ ಬಿಡುವುದು.

ಒಂದು ದಿನ ಒಬ್ಬ ವೃದ್ಧೆ ಅವನಲ್ಲಿಗೆ ಬಂದಳು. ತೀರಿಹೋದ ಅವಳ ಗಂಡ ಒಂದು ಸಣ್ಣ ಪಟ್ಟಣದ ಪುರಸಭೆಗೆ ಅಧ್ಯಕ್ಷನಾಗಿದ್ದವನು. ಅವನ ಹೆಸರು ಸೇರಿಸಬೇಕೆಂದು ಕೇಳಿದಳು.

"ಅವರು ಏನು ಮಾಡಿದ್ದರಮ್ಮ?"

"ಪಕ್ಕದ ಊರಲ್ಲಿ ಗಲಭೆಯಾದಾಗ ನಮ್ಮಲ್ಲೂ ಎರಡು ಕೇರಿಯವರು ದೊಣ್ಣೆ ಹಿಡಿದು ಬೀದಿಗೆ ಬಂದಿದ್ದರು. ಇವರು ನಡುವೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು. ಮೊದಲು ನನ್ನನ್ನು ಹೊಡೆಯಿರಿ ಅಂದರು. ಸಂಜೆಯಾಗುತ್ತಲೇ ಎಲ್ಲರೂ ಮನೆಗೆ ಹೋದರು."

"ಆಮೇಲೆ?"

"ಆಮೇಲೆ ಏನೂ ಆಗಲಿಲ್ಲ. ಮುಂದಿನ ಚುನಾವಣೆಯಲ್ಲಿ ಎರಡೂ ಕೇರಿಯವರು ಸೇರಿ ಇವರನ್ನು ಸೋಲಿಸಿದರು."

ಸಂಪಾದಕ ಹಳೆಯ ಪತ್ರಿಕೆಗಳನ್ನೆಲ್ಲ ಹುಡುಕಿದ. ಪಕ್ಕದ ಊರಿನಲ್ಲಿ ಗಲಭೆ ಎಬ್ಬಿಸಿದ ಮುಖಂಡನ ಬಗ್ಗೆ ಪುಟಗಟ್ಟಲೆ ಇತ್ತು. ಅಧ್ಯಕ್ಷನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಪಟ್ಟಣಕ್ಕೇ ಹೋಗಿ ವಿಚಾರಿಸಿದ. "ಇಲ್ಲಿ ಗಲಭೆಯೇ ಆಗಿಲ್ಲ ಸ್ವಾಮಿ, ತಡೆಯುವ ಮಾತೆಲ್ಲಿ ಬಂತು?" ಎಂದು ಜನ ನಕ್ಕರು.

ನಿಯಮದಂತೆ ಮುಖಂಡ ವಿಶ್ವಕೋಶಕ್ಕೆ ಸೇರಿದ. ಅಧ್ಯಕ್ಷ ಸೇರಲಿಲ್ಲ. ಸಂಪಾದಕನಿಗೆ ಊಟ ರುಚಿಸಲಿಲ್ಲ. ಕೊನೆಗೆ ಆ ಪಟ್ಟಣದ ಕುರಿತ ಲೇಖನಕ್ಕೆ ಒಂದು ವಾಕ್ಯ ಸೇರಿಸಿದ: ಈ ಊರಿನಲ್ಲಿ ಇದುವರೆಗೆ ಗಲಭೆ ನಡೆದಿಲ್ಲ.

ಗ್ರಂಥ ಅಚ್ಚಾದ ಮೇಲೆ ತಾನೇ ಅದನ್ನು ಒಯ್ದು ವೃದ್ಧೆಗೆ ತೋರಿಸಿದ. "ನಿಮ್ಮ ಯಜಮಾನರ ಹೆಸರು ಹಾಕಲು ಆಗಲಿಲ್ಲ ತಾಯಿ" ಎಂದ.

ಅವಳು ಆ ವಾಕ್ಯವನ್ನು ಮತ್ತೆ ಮತ್ತೆ ಓದಿದಳು. "ಇದು ಅವರೇ" ಎಂದು ಕಣ್ಣೊರೆಸಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ನಾಗಭೂಷಣ ಕೇಳಿದ: "ಗಲಭೆ ಎಬ್ಬಿಸಿದ ಆ ಮುಖಂಡ ಯಾರು, ಗುರುಗಳೇ?"

ಗುರುಗಳು ಹೇಳಿದರು: "ನೋಡು, ನೀನೂ ಅವನ ಹೆಸರನ್ನೇ ಕೇಳಿದೆ."