ಹಿಟ್ಟು ಉಬ್ಬದ ಪೆಟ್ಟಿಗೆ

"ಗುರುಗಳ, ಹಗಲೂ ರಾತ್ರಿ ಚಾಲೂ ಇರೋ ಯಂತ್ರಕ್ಕ ಎಷ್ಟು ಬಲ ಇರಬೇಕ್ರಿ?"

ಕೇಳಿದವನು ಶಂಭುಲಿಂಗ. ಧಾರವಾಡದ ಫಕೀರಯ್ಯ ಮಾಸ್ತರರ ಬಳಿ ಒಂಬತ್ತು ವರ್ಷದಿಂದ ಸಂಗೀತ ಕಲಿಯುತ್ತಿದ್ದ. ಮಾಸ್ತರರ ಮೂವತ್ತು ವರ್ಷದ ಪಾಠಗಳ ಧ್ವನಿಮುದ್ರಣವನ್ನು ಒಂದು ಕಂಪ್ಯೂಟರಿನಲ್ಲಿ ತುಂಬಿ ಗುರುಗಳ ಮನೆಯಲ್ಲೇ ಇಡುವುದೆಂದು ಶಿಷ್ಯರು ತೀರ್ಮಾನಿಸಿದ್ದರು. ಯಾವ ಊರಿನ ಶಿಷ್ಯ ಯಾವ ಹೊತ್ತಿನಲ್ಲಿ ಮೊಬೈಲಿನಿಂದ ಕೇಳಿದರೂ ಅದು ಪಾಠ ತೆಗೆದು ಕೊಡಬೇಕು. ಎಂಥ ಯಂತ್ರ ಕೊಳ್ಳುವುದು ಎಂಬಲ್ಲಿ ಜಗಳ ಹತ್ತಿತು. ಗುರುಗಳ ವಿದ್ಯೆ ಇರುವ ಪೆಟ್ಟಿಗೆ ಪೇಟೆಯಲ್ಲೇ ದೊಡ್ಡದಾಗಿರಬೇಕೆಂದು ಶಂಭುಲಿಂಗನ ಹಟ. ಮೂರು ದಿನದಿಂದ ಅವನಿಗೆ ನಿದ್ದೆಯಿಲ್ಲ, ರಿಯಾಜ್ ಇಲ್ಲ, ಜೊತೆಗಾರರೊಡನೆ ಮಾತೂ ಇಲ್ಲ.

ಮಾಸ್ತರರು ತಂಬೂರಿಯನ್ನು ಗೋಡೆಗೆ ಒರಗಿಸಿ ಕತೆ ಹೇಳಿದರು.

ಒಂದು ಊರಿನಲ್ಲಿ ಕಸೂತಿ ಹಾಕುವ ಹೆಣ್ಣುಮಗಳೊಬ್ಬಳಿದ್ದಳು. ಅವಳ ತಾಯಿ ಸಾಯುವಾಗ ನಾನೂರು ಕಸೂತಿ ಮಾದರಿಗಳನ್ನು ಬಿಟ್ಟುಹೋಗಿದ್ದಳು. ಮಾದರಿಯ ಬಟ್ಟೆಗಳನ್ನು ಹುಳ ತಿಂದಿತು. ಮಗಳು ಮೊದಲೇ ತೆಗೆದಿಟ್ಟ ಫೋಟೋಗಳು ಮಾತ್ರ ಉಳಿದವು. ಓಣಿಯ ಹನ್ನೆರಡು ಹೆಂಗಸರು ಆ ಫೋಟೋಗಳನ್ನು ನೋಡಿ ಎಳೆ ಎಣಿಸಿ ಸೂಜಿ ಹಾಕುತ್ತಿದ್ದರು. ಅವರಿಗೆ ಬೇಕಾದಾಗ ಮೊಬೈಲಿನಲ್ಲಿ ಸಿಗಲೆಂದು ಅವಳು ಫೋಟೋಗಳನ್ನೆಲ್ಲ ಒಂದು ಯಂತ್ರದಲ್ಲಿಟ್ಟು, ಅದನ್ನು ಎಂದೂ ಆರಿಸದೆ ಮನೆಯಲ್ಲಿ ಇಟ್ಟುಕೊಂಡಳು. ಯಂತ್ರ ಅವಳ ತಮ್ಮ ಕೊಟ್ಟದ್ದು. ಮದುವೆಯ ವಿಡಿಯೊ ಜೋಡಿಸುವ ದೈತ್ಯ ಅದು. ಪುಕ್ಕಟೆ ಬಂದದ್ದನ್ನು ಬೇಡವೆನ್ನುವವರು ಯಾರು?

ಯಂತ್ರವನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದವಳು ಅವಳ ಅತ್ತೆ. ಚಳಿಗಾಲದಲ್ಲಿ ಆ ಮನೆಯ ಇಡ್ಲಿ ಹಿಟ್ಟು ಉಬ್ಬುತ್ತಿರಲಿಲ್ಲ. ಪಾತ್ರೆಯನ್ನು ಯಂತ್ರದ ಮೇಲಿಟ್ಟ ದಿನದಿಂದ ಇಡ್ಲಿ ಹೂವಿನ ಹಾಗೆ ಬರತೊಡಗಿತು. ಯಂತ್ರವೆಂದರೆ ಇದು ಎಂದು ಅತ್ತೆ ಓಣಿಯೆಲ್ಲ ಹೇಳಿಕೊಂಡು ಬಂದಳು. ಸೊಸೆಯೂ ನಂಬಿದಳು.

ಮಧ್ಯಾಹ್ನ ಕರೆಂಟು ಹೋದರೆ ಯುಪಿಎಸ್ ಅರ್ಧ ಗಂಟೆಗೇ ಸುಸ್ತಾಗುತ್ತಿತ್ತು. ಹನ್ನೆರಡು ಸೂಜಿಗಳು ನಿಲ್ಲುತ್ತಿದ್ದವು. ಸೊಸೆ ಬ್ಯಾಟರಿಯನ್ನು ಬೈದು ಇನ್ನೂ ದೊಡ್ಡದನ್ನು ತಂದಳು. ಯಂತ್ರವನ್ನು ಯಾರೂ ಬೈಯಲಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಒಳಗಿನ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತೇಹೋಯಿತು. ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಆ ದಡ್ಡತನದ್ದು ಬೇರೆಯೇ ಕತೆ, ಇನ್ನೊಂದು ದಿನ ಹೇಳುತ್ತೇನೆ. ರಿಪೇರಿಯವನು ಬಂದು ಯಂತ್ರದ ಬೆನ್ನ ಮೇಲೆ ಪಾತ್ರೆಯ ದುಂಡು ಗುರುತು ನೋಡಿದ.

"ಇದರ ಮ್ಯಾಲೆ ಏನಿಡ್ತಿದ್ರಿ, ಅಕ್ಕಾರ?"

"ಇಡ್ಲಿ ಹಿಟ್ಟು. ಮಧ್ಯಾಹ್ನ ಇಟ್ರ ಸಂಜಿಗೆ ಪಾತ್ರಿ ತುಂಬತಿತ್ತು," ಎಂದಳು ಅತ್ತೆ, ಹೆಮ್ಮೆಯಿಂದ.

"ಹಂಗಾರ ನಿಮ್ಮ ಕರೆಂಟೆಲ್ಲಾ ಹಿಟ್ಟಿಗೇ ಹೋಗ್ಯದ ನೋಡ್ರಿ. ಆ ಕಾವಿಗೇ ಡಿಸ್ಕು ಬೆಂದದ."

ಅವನು ಹೆಣಗಾಡಿ ಫೋಟೋಗಳನ್ನು ಹೊರತೆಗೆದ. ಹನ್ನೊಂದು ಸಿಗಲಿಲ್ಲ. ಕೇಳೋಣವೆಂದರೆ ತಾಯಿ ಇಲ್ಲ. ಆ ಹೆಣ್ಣುಮಗಳು ಒಂದು ದಿನ ಪೂರ್ತಿ ಅತ್ತಳು. ಮರುದಿನ ಮುಖ ತೊಳೆದು ಅಂಗಡಿಗೆ ನಡೆದಳು.

ವ್ಯಾಪಾರಿ ಅತಿ ದೊಡ್ಡದನ್ನು ಮುಂದಿಟ್ಟು ಅದರ ವೇಗವನ್ನು ಹೊಗಳತೊಡಗಿದ. ಅವಳು ಕೈಯೆತ್ತಿ ತಡೆದಳು.

"ಯಾರೂ ಏನೂ ಕೇಳದಾಗ, ಸುಮ್ಮನ ಕುಂತಾಗ, ಇದು ಎಷ್ಟು ಕರೆಂಟು ತಿಂತದ ಹೇಳ್ರಿ."

ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನು ಮೀಟರು ಹುಡುಕಿ ತಂದು ಜೋಡಿಸಿದ. ದೊಡ್ಡದು ಸುಮ್ಮನೆ ಕೂತು ತೊಂಬತ್ತು ವ್ಯಾಟ್ ತಿನ್ನುತ್ತಿತ್ತು. ಮೂಲೆಯಲ್ಲಿ ಊಟದ ಡಬ್ಬಿಯಷ್ಟು ಸಣ್ಣದೊಂದು ಯಂತ್ರವಿತ್ತು, ಫ್ಯಾನು ಕೂಡ ಇಲ್ಲದ್ದು. ಅದು ತಿಂದದ್ದು ಎಂಟು.

"ಇದು ಜೋರು ಓಡಂಗಿಲ್ರಿ," ಎಂದ ವ್ಯಾಪಾರಿ.

"ಓಡಿ ಎಲ್ಲಿಗೆ ಹೋಗಬೇಕ್ರಿ ಅದು? ಮನ್ಯಾಗ ಕುಂತು, ಕೇಳಿದಾಗ ಫೋಟೋ ಕೊಟ್ರ ಸಾಕು."

ಸಣ್ಣದನ್ನೇ ತಂದಳು. ಎರಡು ಡಿಸ್ಕು ತಂದು ಒಂದನ್ನು ಅಕ್ಕನ ಮನೆಯಲ್ಲಿಟ್ಟಳು. ಮತ್ತೆ ಚಳಿಗಾಲ ಬಂದಾಗ, ಅತ್ತೆ ಬೇಡವೆಂದರೂ ಕೇಳದೆ, ಹಿಟ್ಟಿನ ಪಾತ್ರೆಯನ್ನು ತಾನೇ ಒಂದು ಸಂಜೆ ಹೊಸ ಯಂತ್ರದ ಮೇಲಿಟ್ಟಳು. ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಇಟ್ಟ ಹಾಗೆಯೇ ಇತ್ತು. ಅತ್ತೆ ಗೊಣಗುತ್ತ ಉಪ್ಪಿಟ್ಟಿಗೆ ರವೆ ಹುರಿದಳು. ಸೊಸೆ ಆ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಅಂದು ಮಧ್ಯಾಹ್ನ ಕರೆಂಟು ಹೋಯಿತು. ಸಂಜೆಯವರೆಗೂ ಒಂದು ಸೂಜಿಯೂ ನಿಲ್ಲಲಿಲ್ಲ.

ಮಾಸ್ತರರು ಕತೆ ಮುಗಿಸಿದರು. ಶಂಭುಲಿಂಗ ಕೈಯಲ್ಲಿದ್ದ ಯಂತ್ರಗಳ ಪಟ್ಟಿಯನ್ನು ಮಡಚಿದ. "ತಿಳೀತ್ರಿ. ಸಣ್ಣದನ್ನ ತರ್ತೀನಿ. ಆದ್ರ ಆ ಜೊತಿಯವ್ರು ನನಗ ಅಂದ ಮಾತು..." ಎಂದು ಮತ್ತೆ ಶುರು ಮಾಡಿದ. ಹಣೆಯ ಮೇಲೆ ಬೆವರಿತ್ತು.

ಮಾಸ್ತರರು ಅವನ ನೆತ್ತಿಯ ಮೇಲೆ ಅಂಗೈ ಇಟ್ಟು ನೋಡಿದರು.

"ಇಲ್ಲಿ ಇಟ್ರೂ ಹಿಟ್ಟು ಉಬ್ಬತದಲ್ಲೋ, ತಮ್ಮಾ."